ಮುಖ ತೋರಿಸುವ ಮಾಮ

ಇವತ್ತು ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಬದಲು ಇದನ್ನು ಕಳಿಸುತ್ತಿದ್ದೇನೆ. ಕೊನೆಗೆ ಎಲ್ಲ ಸರಿಹೋಗುತ್ತದೆ ಎಂದು ಕಾಯಬೇಡಿ...

ನಾಗಭೂಷಣ್ ಒಂದು ಸಣ್ಣ ವೈರ್‌ಲೆಸ್ ಇಂಟರ್ನೆಟ್ ಕಂಪನಿಯ ಮಾಲೀಕರು. ದೊಡ್ಡವರು ತಲೆಹಾಕದ ಗುಡ್ಡಗಾಡಿನ ಊರುಗಳಲ್ಲಿ ಮನೆಯ ಮೇಲೊಂದು ಬಿಳಿ ಡಬ್ಬಿ ಕೂರಿಸಿ ಇಂಟರ್ನೆಟ್ ಕೊಡುತ್ತಿದ್ದರು.

ಹನ್ನೆರಡು ವರ್ಷ ನಡೆಯಿತು. ಆಮೇಲೆ ಗ್ರಾಹಕರು ಕಡಿಮೆಯಾದರು. ಒಂದು ದೊಡ್ಡ ಕಂಪನಿ ಕೊಳ್ಳಲು ಬಂತು.

ಅವರಿಗೆ ಟವರ್ ಬೇಡ, ಗ್ರಾಹಕರೂ ಬೇಡ. ಬೇಕಾದದ್ದು ಸ್ಪೆಕ್ಟ್ರಮ್ ಮಾತ್ರ... ಅಂದರೆ ಗಾಳಿಯಲ್ಲಿ ಸಿಗ್ನಲ್ ಕಳಿಸಲು ಸಿಕ್ಕ ಹಕ್ಕು.

"ನಿಮ್ಮ ಹದಿನಾಲ್ಕು ಜನ ಸ್ಟಾಫ್‌ಗೂ ಕೆಲಸ ಕೊಡ್ತೀವಿ" ಎಂದರು. ನಾಗಭೂಷಣ್ ಒಪ್ಪಿದರು. ಅವರ ಜಾಗದಲ್ಲಿ ನಾನಿದ್ದರೂ ಒಪ್ಪುತ್ತಿದ್ದೆ.

ಒಂದು ಫಾರಂ ಬಂತು. ಪ್ರತಿ ಊರಿನ ಹೆಸರಿನ ಮುಂದೆ ಒಂದೇ ಪ್ರಶ್ನೆ: "ಇಲ್ಲಿ ಬೇರೆ ಫೋನ್ ಸೌಲಭ್ಯ ಇದೆಯೇ?"

ಇಲ್ಲ ಎಂದರೆ ಆ ಊರಿಗೆ ಇನ್ನೆರಡು ವರ್ಷ ಇಂಟರ್ನೆಟ್ ಇರುತ್ತದೆ. ಇದೆ ಎಂದರೆ ಒಂದನೇ ತಾರೀಖಿಗೆ ಬಂದ್.

ನಾಗಭೂಷಣ್ ಪ್ರಾಮಾಣಿಕ ಮನುಷ್ಯ. ಆಫೀಸಿನಲ್ಲಿ ಕೂತು ಬರೆಯಲಿಲ್ಲ, ಊರೂರಿಗೂ ಹೋದರು. ಗುಡ್ಡದ ಹಿಂದಿನ ಮಂಟಿಪುರದಲ್ಲಿ ನಿಂತು ಹೆಂಡತಿಗೆ ಫೋನ್ ಮಾಡಿದರು.

"ಊಟ ಆಯ್ತಾ?"

"ಆಯ್ತು ರೀ..."

ಸ್ಪಷ್ಟವಾಗಿ ಕೇಳಿಸಿತು. 'ಇದೆ' ಎಂದು ಟಿಕ್ ಹಾಕಿದರು. ಆಮೇಲೆ ಸಹಿಯೂ ಆಯಿತು.

ತಿಂಗಳ ಕೊನೆಯಲ್ಲಿ ಡಬ್ಬಿಗಳನ್ನು ಬಿಚ್ಚಿ ತರಲು ಅವರೇ ಮಂಟಿಪುರಕ್ಕೆ ಹೋದರು. ಊರಿನ ಕೊನೆಯ ಮನೆ, ಟೈಲರ್ ವನಜಾಕ್ಷಿಯದು. ಅವಳ ತಾಯಿ ಕೆಂಪಮ್ಮ ಬಾಗಿಲಿಗೆ ಬಂದರು.

"ಬನ್ನಿ ಸಾರ್... ಸರ್ವೀಸ್ ಮಾಡಕ್ ಬಂದ್ರಾ? ವಸಿ ತಡೀರಿ, ಮಗು ಬರೋ ಟೈಮು."

ಸರಿಯಾಗಿ ಐದೂವರೆ. ವನಜಾಕ್ಷಿ ಹೊಲಿಗೆ ಮಿಷನ್ ಬಿಟ್ಟೆದ್ದು, ಸೆರಗಿನಲ್ಲಿ ಫೋನಿನ ಗಾಜು ಒರೆಸಿ ಕೂತಳು. ಪರದೆಯ ಮೇಲೆ ಎಂಟು ವರ್ಷದ ಹುಡುಗಿಯೊಬ್ಬಳು ಬಂದಳು.

ಇಬ್ಬರೂ ಮಾತಾಡಲಿಲ್ಲ. ನಾಲ್ಕು ಕೈಗಳು ಮಾತಾಡತೊಡಗಿದವು...

"ಮಗ್ಳಿಗೂ ಮೊಮ್ಮಗ್ಳಿಗೂ ಕಿವಿ ಕೇಳ್ಸಲ್ಲ ಸಾರ್, ಮಾತೂ ಬರಲ್ಲ" ಎಂದರು ಕೆಂಪಮ್ಮ. "ಮಗು ಮೈಸೂರಲ್ಲಿ ಇಂಥ ಮಕ್ಕಳ ಸ್ಕೂಲಲ್ ಅವ್ಳೆ. ಮೊದ್ಲು ಹಾಸ್ಟ್ಲಲ್ಲಿ ನಿಲ್ತಾನೇ ಇರ್ಲಿಲ್ಲ. ಕಾಗ್ದ ಬರಿಯಕ್ಕೆ ಇವ್ಳು ಓದಿಲ್ಲ. ದಿನಾ ಅವ್ವನ್ ಮುಖ ಕಾಣಂಗಾದ್ ಮೇಲೇ ನಿಂತ್ಕಂಡಿದ್ದು."

"ಅಮ್ಮಾ... ಇಲ್ಲಿ ಫೋನ್ ಸಿಗ್ನಲ್ ಸಿಗುತ್ತಲ್ಲಾ?"

"ಮಾತಾಡಕ್ಕೆ ಸಿಗ್ತದೆ ಸಾರ್, ವಿಡಿಯೋ ಬರಲ್ಲ. ಬರೀ ಮಾತು ಇಟ್ಕಂಡು ಇವ್ರೇನ್ ಮಾಡಾರು?"

ನಾಗಭೂಷಣ್ ಕೈಯಲ್ಲಿದ್ದ ಸ್ಪ್ಯಾನರ್ ಅನ್ನು ಮೆಲ್ಲಗೆ ಜೇಬಿಗೆ ಸೇರಿಸಿದರು.

ಪರದೆಯ ಹುಡುಗಿ ಅವರತ್ತ ಬೆರಳು ತೋರಿಸಿ ಏನೋ ಕೇಳಿದಳು. ವನಜಾಕ್ಷಿ ನಕ್ಕು, ಚಾವಣಿ ತೋರಿಸಿ, ಅಂಗೈಯನ್ನು ತನ್ನ ಮುಖದ ಮುಂದೆ ತಂದು ನಿಲ್ಲಿಸಿದಳು. ಹುಡುಗಿಯೂ ಹಾಗೇ ಮಾಡಿದಳು.

"ನಿಮ್ಗೆ ಹೆಸ್ರಿಟ್ಲು ಸಾರ್. ಇವ್ರಲ್ಲಿ ಎಲ್ಲಾರ್ಗೂ ಒಂದೊಂದು ಕೈ ಹೆಸ್ರು. ನೀವು... ಮುಖ ತೋರ್ಸೋ ಮಾಮ."

ಅವರು ಹೊರಗೆ ಹೋಗಿ ಕಂಪನಿಗೆ ಫೋನ್ ಮಾಡಿದರು. ಬೇಡಿಕೊಂಡರು.

"ಲಿಸ್ಟ್ ಕ್ಲೋಸ್ ಆಗಿದೆ ಸಾರ್. ಟಿಕ್ ಹಾಕಿದ್ದು ನೀವೇ ಅಲ್ವಾ?"



ಕೆಂಪಮ್ಮನಿಗೆ ಎಲ್ಲ ಹೇಳಿದರು. ಕೆಂಪಮ್ಮ ಮಗಳಿಗೆ ಕೈಯಲ್ಲಿ ಹೇಳಿದರು. ವನಜಾಕ್ಷಿ ಒಳಗೆ ಹೋಗಿ ನಾಗಭೂಷಣ್‌ಗೆ ಕಾಫಿ ತಂದಳು.

ಡಬ್ಬಿ ಬಿಚ್ಚಲು ಮನಸ್ಸಾಗದೆ ಬರಿಗೈಯಲ್ಲಿ ಹಿಂದಿರುಗಿದರು. ಒಂದನೇ ತಾರೀಖು ಬಂತು. ಸಿಗ್ನಲ್ ನಿಂತಿತು.

ನಾಗಭೂಷಣ್ ಮೂರು ತಿಂಗಳು ಅಲೆದರು. ಪತ್ರ ಬರೆದರು, ಬೇರೆ ಕಂಪನಿಗಳ ಬಾಗಿಲು ತಟ್ಟಿದರು. ಒಂದು ಊರಿಗಾಗಿ ಗುಡ್ಡ ಹತ್ತಲು ಯಾರೂ ಸಿದ್ಧರಿರಲಿಲ್ಲ.

ಆಗಲಿಲ್ಲ ಎಂದು ಹೇಳಲೆಂದೇ ಮಂಟಿಪುರಕ್ಕೆ ಮತ್ತೆ ಹೋದರು.

ಚಾವಣಿಯ ಮೇಲೆ ಸತ್ತ ಡಬ್ಬಿ ಹಾಗೇ ಇತ್ತು. ಒಂಚೂರೂ ಧೂಳಿರಲಿಲ್ಲ. ವನಜಾಕ್ಷಿ ದಿನಾ ಮೇಲೆ ಹತ್ತಿ ಒರೆಸುತ್ತಾಳಂತೆ...

ಜಗಲಿಯ ಮೇಲೆ ಆ ಹುಡುಗಿ ಕೂತು ರವಿಕೆಗೆ ಹುಕ್ಸ್ ಹೊಲಿಯುತ್ತಿದ್ದಳು.

"ಅವ್ವ ಸತ್ತೋದ್ಲು ಅನ್ಕಂಡ್ಬುಟ್ಟಿತ್ತು ಸಾರ್ ಮಗು" ಎಂದರು ಕೆಂಪಮ್ಮ. "ಮೇಡಮ್ಮು ಎಷ್ಟ್ ಹೇಳುದ್ರೂ ನಂಬ್ಲಿಲ್ವಂತೆ, ಊಟ ಬಿಟ್ಬುಡ್ತು. ಕರ್ಕಂಡ್ ಬಂದ್ಬುಟ್ವಿ. ಸ್ಕೂಲು ಅಲ್ಲಿಗ್ ಮುಗೀತು."

ಹುಡುಗಿ ತಲೆಯೆತ್ತಿ ನೋಡಿದಳು. ಅವಳ ಮುಖ ಅರಳಿತು. ಬಾಗಿಲಿಗೆ ಬಂದ ಅಮ್ಮನ ಕಡೆ ತಿರುಗಿ ಚಾವಣಿ ತೋರಿಸಿ, ಅಂಗೈಯನ್ನು ಮುಖದ ಮುಂದೆ ತಂದಳು. ಆ ಹೆಸರು ಇನ್ನೂ ಬದಲಾಗಿರಲಿಲ್ಲ...

ನಾಗಭೂಷಣ್ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟರು.

ಹುಡುಗಿ ಅದನ್ನು ನೋಡಲಿಲ್ಲ. ಅವಳು ಆಗಲೇ ಒಳಗೆ ಓಡಿದ್ದಳು.

ಹೊರಗೆ ಬಂದಾಗ ಅವಳ ಬೆನ್ನ ಮೇಲೆ ಸ್ಕೂಲ್ ಬ್ಯಾಗ್ ಇತ್ತು. ಮಾಮ ಡಬ್ಬಿ ರಿಪೇರಿ ಮಾಡಲು ಬಂದಿದ್ದಾರೆ ಎಂದುಕೊಂಡಿದ್ದಳು.

*ನಮಗೆ ಸಾಕಾಗುವುದು ಎಲ್ಲರಿಗೂ ಸಾಕು ಎಂದುಕೊಳ್ಳುವುದು, ಒಳ್ಳೆಯವರೂ ಮಾಡುವ ತಪ್ಪು.*

ಎದುರಿಗಿರುವವರನ್ನು ಒಂದು ಮಾತೂ ಕೇಳದೆ, ಅವರ ಪರವಾಗಿ ನೀವು ಹಾಕಿದ ಟಿಕ್ ಯಾವುದು...?