ಒಮ್ಮತ

ವಿಶೇಷ ಮಕ್ಕಳ ಪೋಷಕರಿಗೂ ಶಾಲೆಗಳಿಗೂ ರಾಜಿ ಮಾಡಿಸುವುದರಲ್ಲಿ ವಸುಂಧರಾಳದು ಎತ್ತಿದ ಕೈ. ಇವತ್ತಿನ ಜಗಳ, ಮಾತು ಬಾರದ ಪುಟ್ಟ ಇಂಚರಳ ಕುರಿತದ್ದು. ಕಣ್ಣು ತಪ್ಪಿದರೆ ಸಾಕು, ಶಾಲೆಯ ಗೇಟು ದಾಟಿಬಿಡುತ್ತಾಳೆ. ಈಗ ಬಾಗಿಲಲ್ಲಿ ಕೂತು ಎಲ್ಲರ ಚಪ್ಪಲಿ ಸಾಲಾಗಿ ಜೋಡಿಸುತ್ತಿದ್ದಳು.

"ಮಗು ನೋಡ್ಕೊಳ್ಳೋಕಾಗ್ದೇ ಇದ್ರೆ ಸ್ಕೂಲ್ ಯಾಕ್ರೀ ನಡೆಸ್ತೀರಾ?" ತಾಯಿ ರೇಗಿದಳು.

"ಮನೇಲಿ ಅಭ್ಯಾಸ ಮಾಡಿಸಿದ್ರೆ ತಾನೇ ಇಲ್ಲಿ ಕೂರೋದು!" ಹೆಡ್‌ಮಿಸ್ಸೂ ಬಿಡಲಿಲ್ಲ.

ವಸುಂಧರಾ ಕಾಫಿ ತರಿಸಿ, ಬೆಣ್ಣೆಯಿಂದ ಕೂದಲು ತೆಗೆದಂತೆ ಜಗಳ ಬಿಡಿಸಿದಳು. ಇನ್ನು ಮೇಲೆ ಒಬ್ಬರಲ್ಲ ಒಬ್ಬರು ಮಗುವಿನ ಮೇಲೆ ಸದಾ ಕಣ್ಣಿಟ್ಟಿರಬೇಕೆಂದು ಇಬ್ಬರೂ ಒಪ್ಪಿದರು.

"ಎಲ್ಲಿ, ಇಂಚರಾನ ಕರೀರಿ," ಎಂದು ಬೀಗುತ್ತ ವಸುಂಧರಾ ಬಾಗಿಲತ್ತ ತಿರುಗಿದಳು.

ಚಪ್ಪಲಿಗಳು ಸಾಲಾಗಿದ್ದವು. ಪುಟ್ಟ ಜೋಡಿಯೊಂದು ಮಾತ್ರ ಇರಲಿಲ್ಲ.

ತಾಯಿಯೂ ಹೆಡ್‌ಮಿಸ್ಸೂ ಮೊದಲ ಸಲ ಒಂದೇ ದನಿಯಲ್ಲಿ ವಸುಂಧರಾಳ ಮೇಲೆ ಹರಿಹಾಯ್ದರು: "ಇಷ್ಟೊತ್ತು ನೀವೇನ್ರೀ ನೋಡ್ತಿದ್ರಿ?"