ಹೆರಿಗೆಗೆ ಬಂದವಳು

ಮರಳ ದಂಡೆಯೆಲ್ಲ ಕಡಲಿನ ಪಾಲಾದ ಮೇಲೆ ನಮ್ಮೂರಲ್ಲಿ ಆಮೆಯ ಮೊಟ್ಟೆಗಳನ್ನು ಅಡುಗೆಮನೆಯ ಮೂಲೆಯಲ್ಲಿ, ಮರಳಿನಲ್ಲಿ ಹುಗಿದು ಮರಿ ಮಾಡಿಸುತ್ತಾರೆ. ಆ ಮರಿಗಳು ದೊಡ್ಡವಾದ ಮೇಲೆ ಮೊಟ್ಟೆಯಿಡಲು ಹುಟ್ಟಿದ ಮನೆಗೇ ಬರುತ್ತವೆ. ಜಾಗ ಸಿಗದಿದ್ದರೆ ಮೊಟ್ಟೆಗಳು ನೀರಿನಲ್ಲಿ ಉದುರಿ ಹಾಳಾಗುತ್ತವೆ.

ಈ ವರ್ಷ ಊರಿಗೆ ಬಂದದ್ದು ಒಂದೇ ಆಮೆ. ನಾನು ಹುಟ್ಟುವ ಮೊದಲು ಅಮ್ಮ ಕಡಲಿಗೆ ಬಿಟ್ಟಿದ್ದ ಮರಿ ಅದು. ಮುಸ್ಸಂಜೆಗೆ ಮೆಟ್ಟಿಲು ಹತ್ತಿ ನೇರ ಅಡುಗೆಮನೆಗೆ ಬಂತು. ಅಮ್ಮ ತೀರಿಕೊಂಡ ವರ್ಷವೇ ನನ್ನ ಅಣ್ಣ ಶೀನ ಆ ಮೂಲೆಗೆ ಸಿಮೆಂಟು ಹಾಕಿಸಿದ್ದ. ಆಮೆ ಸಿಮೆಂಟನ್ನೇ ಕೆರೆಯತೊಡಗಿತು. ರಕ್ತ ಬಂದರೂ ನಿಲ್ಲಿಸಲಿಲ್ಲ.

"ಪಕ್ಕದ ಮನೆಗೆ ಅಟ್ಟು ಮಾರಾಯ್ತಿ. ಅಲ್ಲಿ ಮರಳುಂಟು," ಎಂದ ಅಣ್ಣ.

ಅತ್ತಿಗೆ ನಕ್ಕಳು. "ಹೆರಿಗೆಗೆ ತವರಿಗೆ ಬಂದವಳು ಪಕ್ಕದ ಮನೆಗೆ ಹೋಗ್ತಾಳಾ?"

"ತಾಯಿ ಇದ್ದರಲ್ಲವಾ ತವರು?" ಎಂದ ಅಣ್ಣ.

ನಾನು ಅಣ್ಣನಿಗೆ ಎದುರಾಡಿದವಳಲ್ಲ. ಹಿತ್ತಿಲಿನಿಂದ ಹಾರೆ ತಂದು ಸಿಮೆಂಟಿಗೆ ಹೊಡೆದೆ. ಅಣ್ಣ ಬೈಯುತ್ತ ಹಾರೆ ಕಿತ್ತುಕೊಳ್ಳಲು ಬಂದ. ಅಷ್ಟರಲ್ಲಿ ದೊಡ್ಡ ತುಂಡೊಂದು ಎದ್ದುಬಂತು.

ಇಷ್ಟು ವರ್ಷ ಮುಚ್ಚಿದ್ದ ಮರಳು ಒಣಗಿರಬೇಕಿತ್ತು. ಅದು ತಣ್ಣಗೆ ಒದ್ದೆಯಾಗಿತ್ತು. ಯಾರೋ ಈಗಷ್ಟೇ ನೀರು ಚಿಮುಕಿಸಿ, ಅಂಗೈಯಿಂದ ತಟ್ಟಿ ಸಮ ಮಾಡಿದಂತಿತ್ತು. ಬೆರಳುಗಳ ಗುರುತು ಇನ್ನೂ ಮಾಸಿರಲಿಲ್ಲ.

ಅಣ್ಣ ಬಗ್ಗಿ ನೋಡಿದ. ಆಮೇಲೆ ನಿಧಾನವಾಗಿ ಹಿಂದೆ ಸರಿದು ಆಮೆಗೆ ದಾರಿ ಬಿಟ್ಟ. ದೀಪ ಆರಿಸಿ, ಆ ಮೂಲೆಯ ಕತ್ತಲೆಗೆ ಮೆಲ್ಲಗೆ ಹೇಳಿದ:

"ನಾವು ಹೊರಗಿರ್ತೇವಮ್ಮ."