ಬಸ್ಸಿನಲ್ಲಿ ಅತ್ತ ಕೂಸು

ರೇಷ್ಮೆಗೂಡಿನ ವಾಸನೆ ಬಂದರೆ ಇವತ್ತಿಗೂ ನನಗೆ ರಾಮನಗರದ ಬಸ್ಸೇ ನೆನಪಾಗುತ್ತದೆ. ಆ ದಿನ ಕನಕಪುರದಲ್ಲಿ ಹತ್ತಿದಾಗಿನಿಂದ ನನ್ನ ಪುಟ್ಟ ತಮ್ಮ ಅವ್ವನ ಮಡಿಲಲ್ಲಿ ಕಿರುಚುತ್ತಲೇ ಇದ್ದ.

"ಮಗೀನ ಸುಮ್ಕಿರ್ಸಮ್ಮ, ಇಲ್ಲಾ ಇಳ್ಕೊ," ಎಂದರು ಮುಂದಿನ ಸೀಟಿನಲ್ಲಿದ್ದ, ಗೂಡು ಕೊಂಡು ನೂಲು ತೆಗೆಸುವ ಸಾಬರು.

"ಹರಾಜಿಗೆ ಮುಂಚೆ ಗೂಡು ಮಾರ್ಕೆಟ್ ಸೇರ್ಬೇಕು, ನಾನಿಳಿಯಾಕಿಲ್ಲ ಸಾಬ್ರೇ. ಕೂಸಿಗೆ ಹಲ್ಲು ಬತ್ತಾ ಐತೆ. ನಿಮ್ಗೇನು ಹಲ್ಲು ನಗ್ತಾ ನಗ್ತಾ ಬಂತಾ?"

ಬಸ್ಸೆಲ್ಲ ನಕ್ಕಿತು. ಅವ್ವ ನಗಲಿಲ್ಲ. ಕಾಲ ಬಳಿಯಿದ್ದ ಮೂಟೆಯಿಂದ ಒಂದು ಗೂಡು ತೆಗೆದು ತಮ್ಮನ ಕಿವಿಯ ಬಳಿ ಅಲ್ಲಾಡಿಸಿದಳು. ಒಳಗಿನ ಹುಳು ಗಿಲಕಿಯಂತೆ ಟಕಟಕ ಅಂದಿತು. ದೇವರ ದಯೆ, ಕೂಸು ಅಳು ನಿಲ್ಲಿಸಿತು.

ಸಾಬರು ಕೈ ಚಾಚಿ ಆ ಗೂಡನ್ನು ಇಸಿದುಕೊಂಡು, ತಾವೂ ಅಲ್ಲಾಡಿಸಿ ಸದ್ದು ಆಲಿಸಿದರು. "ಒಳ್ಳೆ ಸದ್ದು, ಬೆಳೆ ಗಟ್ಟಿಯಾಗೈತೆ ಕಣಮ್ಮ. ಹರಾಜಲ್ಲಿ ನಾನೇ ಕೂಗ್ತೀನಿ."

"ಕೂಗೀರಂತೆ," ಎಂದಳು ಅವ್ವ. "ಮೊದ್ಲು ಅದ ಕೂಸಿಗೆ ಕೊಡಿ."